ಪರವೂ ಅಲ್ಲ, ವಿರೋಧವೂ ಅಲ್ಲ

ನಮ್ಮ ಮನೆಯ ಮುಂದಿನ ಹುಲ್ಲಿನಲ್ಲಿ ಒಂದೇ ಒಂದು ಫಲಕವಿದೆ. ‘ದಯವಿಟ್ಟು ನಿಮ್ಮ ನಾಯಿಯ ಗಲೀಜನ್ನು ನೀವೇ ಎತ್ತಿಕೊಂಡು ಹೋಗಿ’ ಎಂದು ಅದರಲ್ಲಿ ಬರೆದಿದೆ. ಅಮೆರಿಕಕ್ಕೆ ಬಂದ ಇಷ್ಟು ವರ್ಷಗಳಲ್ಲಿ ನಾನು ಬಹಿರಂಗವಾಗಿ ತಳೆದ ನಿಲುವು ಅದೊಂದೇ. ಅದರಲ್ಲೂ ‘ದಯವಿಟ್ಟು’ ಸೇರಿಸಿದ್ದೇನೆ ಎಂಬುದನ್ನು ತಾವು ಗಮನಿಸಬೇಕು. ನಾಯಿಗಾಗಲಿ, ನಾಯಿಯ ಯಜಮಾನರಿಗಾಗಲಿ ಮನಸ್ಸಿಗೆ ನೋವಾಗಬಾರದು.

ಚುನಾವಣೆ ಹತ್ತಿರ ಬಂದರೆ ಈ ದೇಶದ ಜನ ಮನೆಯ ಮುಂದೆ ಟೊಮೇಟೊ ಸಸಿ ನೆಟ್ಟಷ್ಟೇ ಶ್ರದ್ಧೆಯಿಂದ ಫಲಕ ನೆಡುತ್ತಾರೆ. ನಮ್ಮ ಒಂದು ಪಕ್ಕದವರು ಒಬ್ಬ ಅಭ್ಯರ್ಥಿಯ ಫಲಕ ನೆಟ್ಟರೆ, ಇನ್ನೊಂದು ಪಕ್ಕದವರು ಮರುದಿನವೇ ಎದುರಾಳಿಯ ಫಲಕವನ್ನು, ಅದಕ್ಕಿಂತ ಒಂದು ಗೇಣು ಎತ್ತರದ್ದನ್ನು, ತಂದು ನಿಲ್ಲಿಸುತ್ತಾರೆ. ನಡುವೆ ನಮ್ಮ ಮನೆ, ನಮ್ಮ ನಾಯಿಯ ಫಲಕ. ಸಂಜೆ ವಾಕಿಂಗ್ ಬರುವವರು ಅದನ್ನು ಓದಿ, ಇದನ್ನು ಓದಿ, ನಮ್ಮದರ ಹತ್ತಿರ ಬಂದಾಗ ಒಂದು ನಿಟ್ಟುಸಿರು ಬಿಡುತ್ತಾರೆ. ಅದು ನೆಮ್ಮದಿಯ ನಿಟ್ಟುಸಿರು ಎಂದು ನಾನು ಬಹಳ ಕಾಲ ನಂಬಿದ್ದೆ. ಇದು ಯಾವ ಊರು ಎಂದು ಕೇಳಬೇಡಿ. ಫ್ರೀಮಾಂಟಿಗೆ ಹತ್ತಿರ, ಅಷ್ಟು ಸಾಕು. ಹೆಸರು ಹೇಳಿಬಿಟ್ಟರೆ ಯಾರ ಕಡೆಗೋ ವಾಲಿದಂತಾದೀತು ಎಂಬ ಭಯ ನನಗೆ ಈಗಲೂ ಪೂರ್ತಿ ಹೋಗಿಲ್ಲ.

ನಾನು ನಡುಪಂಥದವನು. ನಡುಪಂಥ ಎಂದರೆ ಏನು ಎಂದು ಕೇಳಿದರೆ ಹೇಳುವುದು ಕಷ್ಟ. ಏನಲ್ಲ ಎಂದು ಕೇಳಿದರೆ ಇಡೀ ಸಂಜೆ ಹೇಳಬಲ್ಲೆ. ಆ ಕಡೆಯವರ ಆವೇಶ ನನಗಾಗದು, ಈ ಕಡೆಯವರ ಅತಿರೇಕವೂ ಆಗದು. ಓಕ್ಲ್ಯಾಂಡಿನ ಒಂದು ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ನನ್ನದು. ಔಷಧಿ ಹೆಚ್ಚಾದರೂ ಅಪಾಯ, ಕಡಿಮೆಯಾದರೂ ಅಪಾಯ ಎಂಬುದು ನನ್ನ ವೃತ್ತಿಧರ್ಮ. ಅದನ್ನೇ ದೇಶಕ್ಕೂ ಅನ್ವಯಿಸಿ, ಜಗಳವಾಡುವ ಇಬ್ಬರ ಸರಿಯಾಗಿ ಮಧ್ಯದಲ್ಲಿ ಸತ್ಯವು ಕುರ್ಚಿ ಹಾಕಿಕೊಂಡು ಕೂತಿರುತ್ತದೆ ಎಂದು ತೀರ್ಮಾನಿಸಿದ್ದೆ. ಒಬ್ಬ ಮನೆಗೆ ಬೆಂಕಿ ಹಚ್ಚಬೇಕು ಎಂದು, ಇನ್ನೊಬ್ಬ ಹಚ್ಚಕೂಡದು ಎಂದು ಕೂಗಾಡುತ್ತಿದ್ದರೆ, ‘ಸರಿ, ಅಡುಗೆಮನೆ ಒಂದನ್ನು ಸುಡೋಣ’ ಎನ್ನುವುದನ್ನು ವಿವೇಕ ಎಂದು ತಿಳಿದವರ ಪೈಕಿ ನಾವು.

ಬೇ ಏರಿಯಾ ಎನ್ನುವ ನಮ್ಮ ಈ ಸೀಮೆಯಲ್ಲಿ ನಮ್ಮಂಥವರಿಗೆ ಬರವಿಲ್ಲ. ಸನ್ನಿವೇಲಿನಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ. ‘ನಾನು ಪಾರ್ಟಿ ನೋಡಲ್ಲಪ್ಪ, ಇಶ್ಯೂ ನೋಡ್ತೀನಿ’ ಎನ್ನುವುದು ಅವನ ಮಂತ್ರ. ‘ಯಾವ ಇಶ್ಯೂ?’ ಎಂದು ಒಮ್ಮೆ ಕೇಳಿದೆ. ಗಡ್ಡ ಕೆರೆದುಕೊಂಡು ಯೋಚಿಸಿ, ‘ಎಲ್ಲಾ’ ಎಂದ. ಅವನ ಇಶ್ಯೂಗಳು ನನಗೆ ಚೆನ್ನಾಗಿ ಗೊತ್ತು. ಅವನ ಮನೆಯ ಬೆಲೆ ಇಳಿಯಬಾರದು, ಮಗನ ಸ್ಕೂಲಿನ ರೇಟಿಂಗು ಇಳಿಯಬಾರದು, ತೆರಿಗೆ ಏರಬಾರದು. ಇದಕ್ಕೆ ಸ್ವಾರ್ಥ ಎಂಬ ಒಳ್ಳೆಯ ಹಳೆಯ ಪದವೊಂದಿತ್ತು. ನಾವು ಅದಕ್ಕೆ ಇಸ್ತ್ರಿ ಮಾಡಿ ಸಮತೋಲನ ಎಂದು ಕರೆಯುತ್ತೇವೆ.

ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ನಮ್ಮ ಕನ್ನಡದವರ ಪಾಟ್‌ಲಕ್ಕು ಊಟಗಳಿಗೆ ಬಂದರೆ ಈ ಸಮತೋಲನವನ್ನು ಹತ್ತಿರದಿಂದ ನೋಡಬಹುದು. ಅಲ್ಲಿ ರಾಜಕೀಯ ನಿಷಿದ್ಧ. ಒಮ್ಮೆ ಒಬ್ಬರು ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಾ ವೀಸಾದ ಕಷ್ಟ ಹೇಳಿಕೊಂಡು, ‘ಇದಕ್ಕೆಲ್ಲಾ ನಮ್ಮಲ್ಲೇ ವೋಟು ಹಾಕಿದೋರು ಕಾರಣ ಅಲ್ವಾ?’ ಎಂದುಬಿಟ್ಟರು. ಸ್ಪೂನುಗಳ ಸದ್ದು ನಿಂತಿತು. ಮನೆಯೊಡತಿ ಜಾಮೂನಿನ ಪಾತ್ರೆ ಹಿಡಿದುಕೊಂಡು ಓಡೋಡಿ ಬಂದರು. ನಮ್ಮ ಬಳಗದಲ್ಲಿ ಜಾಮೂನು ಸಿಹಿತಿಂಡಿಯಲ್ಲ, ಅಗ್ನಿಶಾಮಕ ದಳ. ಪ್ರತಿಯೊಬ್ಬರ ಬಾಯಿಗೂ ಒಂದೊಂದು ಬಿದ್ದ ಮೇಲೆ ಮಾತು ಮತ್ತೆ ಉಪ್ಪಿನಕಾಯಿಗೆ ಮಾವಿನಕಾಯಿ ಎಲ್ಲಿ ಸಿಗುತ್ತದೆ ಎಂಬಲ್ಲಿಗೆ ಬಂದು ನಿಂತಿತು. ಹಾಗೆಂದು ನಮ್ಮಲ್ಲಿ ಅಭಿಪ್ರಾಯಗಳೇ ಇಲ್ಲ ಎಂದಲ್ಲ. ಎರಡೂ ಕಡೆಯವರು ಫೋನಿನಲ್ಲಿ ತಮ್ಮ ತಮ್ಮ ಗುಟ್ಟಿನ ಗುಂಪು ಮಾಡಿಕೊಂಡಿದ್ದಾರೆ. ಎದುರಿಗೆ ಜಾಮೂನು ನುಂಗಿದವರು ಅಲ್ಲಿ ವಿಷ ಕಾರುತ್ತಾರೆ. ನಾನು ಎರಡೂ ಗುಂಪಿನಲ್ಲಿದ್ದೇನೆ. ಎರಡರಲ್ಲೂ ಹೆಬ್ಬೆರಳೆತ್ತಿದ ಚಿತ್ರ ಒತ್ತುತ್ತೇನೆ.

ನಮ್ಮ ಹಳೆಯ ತರ್ಕಶಾಸ್ತ್ರದವರು ಮಾತಿನ ಕಾಳಗವನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು. ಸತ್ಯ ಗೊತ್ತಾಗಲಿ ಎಂದು ಆಡುವುದು ವಾದ. ಗೆದ್ದರೆ ಸಾಕು ಎಂದು ಆಡುವುದು ಜಲ್ಪ. ತನ್ನದೆಂದು ಏನನ್ನೂ ಹೇಳದೆ ಎದುರಿನವನದ್ದನ್ನು ಕೆಡವುವುದೇ ಕೆಲಸವಾದರೆ ಅದು ವಿತಂಡ. ಟೀವಿಯಲ್ಲಿ ನಡೆಯುವುದು ಎರಡನೆಯದು, ಫೋನಿನಲ್ಲಿ ನಡೆಯುವುದು ಮೂರನೆಯದು. ಪಾಪ, ಅವರಿಗೆ ನಾಲ್ಕನೆಯ ಬಗೆ ಹೊಳೆದಿರಲಿಲ್ಲ. ತನ್ನದನ್ನೂ ಹೇಳದೆ, ಎದುರಿನವನದ್ದನ್ನೂ ಅಲ್ಲಗಳೆಯದೆ, ಗೋಣು ಮಾತ್ರ ಆಡಿಸುತ್ತಾ ‘ಐ ಹಿಯರ್ ಯು’ ಎನ್ನುವುದು ನಮ್ಮ ಕಾಲದ ಕೊಡುಗೆ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮೊದಲು ತಾನೇ ಹೇಳಿ ಆಮೇಲೆ ಖಂಡಿಸಬೇಕು ಎಂಬ ನಿಯಮವೂ ಆ ಹಿರಿಯರಲ್ಲಿತ್ತು; ಅದನ್ನು ಪೂರ್ವಪಕ್ಷ ಎನ್ನುತ್ತಿದ್ದರು. ನಾನೋ, ಒಂದು ಪೂರ್ವಪಕ್ಷ ಹೇಳಿ, ಅದರ ಎದುರಿಗೆ ಇನ್ನೊಂದು ಪೂರ್ವಪಕ್ಷವನ್ನೇ ಹೇಳಿ, ಕೈ ತೊಳೆದು ಊಟಕ್ಕೆ ಏಳುವ ಜಾತಿ.

ಈ ಸುಖಕ್ಕೆ ಕಲ್ಲು ಹಾಕಿದ್ದು ನಮ್ಮ ಅತ್ತೆಯವರು, ಅಂದರೆ ನನ್ನ ಹೆಂಡತಿ ಶುಭಾಳ ತಾಯಿ ವಿಶಾಲಾಕ್ಷಮ್ಮನವರು.

ಅತ್ತೆಯವರು ಮೈಸೂರಿನ ಅಗ್ರಹಾರದವರು. ಈಗ ಕೆಲವು ವರ್ಷಗಳಿಂದ ನಮ್ಮ ಜೊತೆಗೇ ಇದ್ದಾರೆ. ಸೀರೆಯ ಕೆಳಗೆ ಬಿಳಿಯ ಶೂ ತೊಟ್ಟು ಸಂಜೆ ವಾಕಿಂಗ್ ಹೋಗುವ ಅಜ್ಜಿಯರನ್ನು ನಮ್ಮ ಕಡೆ ನೀವು ನೋಡಿರುತ್ತೀರಿ, ಅವರಲ್ಲಿ ಒಬ್ಬರು. ನಮ್ಮ ಬೀದಿ ಮುಗಿಯುವಲ್ಲಿ ಆರು ಲೇನಿನ ದೊಡ್ಡ ರಸ್ತೆ. ಅದರ ಆಚೆ ಒಂದು ಪಾರ್ಕು, ಪಾರ್ಕಿನ ಪಕ್ಕ ಬಾಡಿಗೆ ಅಪಾರ್ಟ್‌ಮೆಂಟುಗಳು. ಅಲ್ಲಿ ಮಗನ ಮನೆಯಲ್ಲಿ ಮೆಹರುನ್ನೀಸಾ ಎಂಬವರಿದ್ದಾರೆ. ಅವರೂ ಮೈಸೂರಿನವರೇ, ಮಂಡಿ ಮೊಹಲ್ಲಾದವರು. ಊರಿನಲ್ಲಿ ಹತ್ತು ನಿಮಿಷದ ದಾರಿಯಲ್ಲಿ ಜೀವಮಾನವೆಲ್ಲ ಕಳೆದರೂ ಒಬ್ಬರ ಮುಖ ಒಬ್ಬರು ನೋಡಿರದ ಇಬ್ಬರು ಹೆಂಗಸರು ಇಲ್ಲಿಯ ಪಾರ್ಕಿನ ಬೆಂಚಿನ ಮೇಲೆ ಗೆಳತಿಯರಾದರು.

ಗೆಳತಿಯರು ಎಂದೆ, ಹಾಗೆಂದು ಯಾವ ವಿಷಯದಲ್ಲೂ ಅವರಿಗೆ ಒಮ್ಮತವಿಲ್ಲ. ಊರಿನ ರಾಜಕೀಯದಲ್ಲಿ ಒಬ್ಬರದು ಉತ್ತರ, ಇನ್ನೊಬ್ಬರದು ದಕ್ಷಿಣ. ದಸರಾ ಯಾರ ಕಾಲದಲ್ಲಿ ಚೆನ್ನಾಗಿತ್ತು, ಬೆಲೆ ಯಾರ ಕಾಲದಲ್ಲಿ ಏರಿತು, ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿ ಮಾಡಿದ್ದು ಸರಿಯೋ ತಪ್ಪೋ ಎಂದು ದನಿ ಎತ್ತರಿಸಿ ಜಗಳವಾಡುತ್ತಾರೆ. ಒಂದು ಸಂಜೆ ಇಬ್ಬರೂ ಮುಖ ಊದಿಸಿಕೊಂಡು ಎದ್ದು ಬಂದರಂತೆ. ಇನ್ನು ಈ ಸ್ನೇಹ ಮುಗಿಯಿತು ಎಂದುಕೊಂಡೆ. ಮರುದಿನ ಅತ್ತೆಯವರು ಮಾಮೂಲಿಗಿಂತ ಬೇಗ ಶೂ ಹಾಕಿಕೊಂಡರು. ‘ನಿನ್ನೆ ಮೆಹರಮ್ಮಂಗೆ ಒಂದು ಮಾತು ಹೇಳೋದು ಬಿಟ್ಟೇಹೋಯ್ತು ಕಣೇ ಶುಭಾ, ರಾತ್ರಿ ಮಲಗಿದಾಗ ಹೊಳೀತು’ ಎಂದು ಹೊರಟೇಬಿಟ್ಟರು.

ತೊಂದರೆ ಎಂದರೆ ಆ ರಸ್ತೆ. ನಮ್ಮ ಬೀದಿಯ ಎದುರಿಗೆ ದಾಟಲು ಸಿಗ್ನಲ್ಲಿಲ್ಲ. ಸಿಗ್ನಲ್ ಇರುವ ಕಡೆ ಹೋಗಿ ಬರಬೇಕೆಂದರೆ ಅತ್ತೆಯವರ ಮಂಡಿ ಒಪ್ಪದಷ್ಟು ದೂರ. ಅವರು ಹೇಗೋ ಕಾರು ಕಡಿಮೆಯಾದಾಗ ಸೆರಗು ಬಿಗಿದು ದಾಟುತ್ತಿದ್ದರು. ಒಂದು ದಿನ ಅರ್ಧ ರಸ್ತೆಯಲ್ಲಿದ್ದಾಗ ಒಂದು ಕಾರು ಕಿರ್ರೆಂದು ಬಂದು ಮೈಮೇಲೇ ನಿಂತಿತು. ಗಾಬರಿಯಲ್ಲಿ ಬಿದ್ದು ಮೊಣಕೈ ತರಚಿಕೊಂಡು ಬಂದರು. ಶುಭಾ ಅತ್ತು, ಕೂಗಾಡಿ, ಇನ್ನು ಒಬ್ಬರೇ ಆ ರಸ್ತೆ ದಾಟಕೂಡದು ಎಂದು ಕಟ್ಟಪ್ಪಣೆ ಮಾಡಿದಳು. ಅಂದಿನಿಂದ ಗೆಳತಿಯ ಮುಖ ವಾರಕ್ಕೊಮ್ಮೆ, ಶುಭಾಳಿಗೆ ರಜೆ ಇದ್ದಾಗ ಮಾತ್ರ.

ನೀನು ಕಾರಿನಲ್ಲಿ ಬಿಡಬಹುದಿತ್ತಲ್ಲ ಎನ್ನುತ್ತೀರಿ. ನ್ಯಾಯವಾದ ಪ್ರಶ್ನೆ. ಟ್ರೈನಿಳಿದು ಮನೆಗೆ ಬಂದು ಸೋಫಾದಲ್ಲಿ ಕಾಲು ಚಾಚಿದಾಗ ಅತ್ತೆಯವರು ಶೂ ಕಟ್ಟಿಕೊಂಡು ಎದುರಿಗೆ ಬಂದು ನಿಲ್ಲುತ್ತಿದ್ದರು. ನಾನು ‘ನೋಡೋಣ’ ಎನ್ನುತ್ತಿದ್ದೆ. ಹೂಂ ಎಂದರೆ ಏಳಬೇಕು, ಊಹೂಂ ಎಂದರೆ ಕೆಟ್ಟವನಾಗಬೇಕು; ನೋಡೋಣ ಎಂದರೆ ಎರಡೂ ಇಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಅವರು ಶೂ ಬಿಚ್ಚಿಡುತ್ತಿದ್ದರು.

ಆಗ ಬಂತು ನಗರಸಭೆಯ ಯೋಜನೆ. ನಮ್ಮ ಬೀದಿಯ ತುದಿಯಲ್ಲಿ ಪಾದಚಾರಿಗಳಿಗೆ ಸಿಗ್ನಲ್ಲು, ದಾಟಲು ಬಿಳಿ ಪಟ್ಟೆ. ಅದಕ್ಕೆ ಜಾಗ ಬೇಕಾದ್ದರಿಂದ ನಮ್ಮ ಬೀದಿಯಂಚಿನ ಪಾರ್ಕಿಂಗು ರದ್ದು. ಇಷ್ಟೇ. ಇಷ್ಟಕ್ಕೆ ಊರು ಎರಡಾಯಿತು.

ಮೊದಲು ಗ್ರಂಥಾಲಯದಲ್ಲಿ ಅಭಿಪ್ರಾಯ ಸಂಗ್ರಹ ನಡೆಯಿತು. ಗೋಡೆಯ ಮೇಲೆ ಎರಡು ಚಾರ್ಟುಗಳು, ಕೈಗೆ ಹಸಿರು ಚುಕ್ಕಿಯ ಸ್ಟಿಕ್ಕರು. ಯೋಜನೆ ಬೇಕಾದವರು ಈ ಚಾರ್ಟಿಗೆ, ಬೇಡವಾದವರು ಆ ಚಾರ್ಟಿಗೆ ಅಂಟಿಸಬೇಕು. ವಯಸ್ಕರಾದ ಮನುಷ್ಯರು, ಮನೆ ಕೊಂಡವರು, ಮಕ್ಕಳನ್ನು ಸಾಕಿದವರು, ಅಂಗನವಾಡಿಯಲ್ಲಿದ್ದಂತೆ ಚುಕ್ಕಿ ಹಿಡಿದು ಸಾಲಾಗಿ ನಿಂತಿದ್ದರು. ಬಾಯಿಬಿಟ್ಟು ಮಾತಾಡಿದರೆ ಜಗಳವಾಗುತ್ತದಂತೆ, ಆದ್ದರಿಂದ ಚುಕ್ಕಿ. ನಾನು ಬಹಳ ಹೊತ್ತು ಯೋಚಿಸಿ ನನ್ನ ಚುಕ್ಕಿಯನ್ನು ಎರಡು ಚಾರ್ಟುಗಳ ನಡುವಿನ ಬರೀ ಗೋಡೆಗೆ ಅಂಟಿಸಿ ಬಂದೆ.

ಎರಡೂ ಕಡೆಯವರನ್ನು ಕಂಡರೆ ನನಗೆ ಮೈ ಉರಿಯುತ್ತದೆ, ಅದನ್ನು ಇಲ್ಲಿ ಹೇಳಿಯೇಬಿಡುತ್ತೇನೆ. ಬೇಡ ಎನ್ನುವವರು ಪಾರ್ಕಿಂಗು ಎಂದರು, ಟ್ರಾಫಿಕ್ಕು ಎಂದರು, ‘ನಮ್ಮ ಬೀದಿಯ ಸ್ವಭಾವ’ ಎಂದರು. ಬೀದಿಗೆ ಎಂಥ ಸ್ವಭಾವ? ಅವರ ಹೊಟ್ಟೆಯಲ್ಲಿದ್ದದ್ದು ಬೇರೆ: ಆಚೆಯ ಬಾಡಿಗೆ ಅಪಾರ್ಟ್‌ಮೆಂಟಿನವರು ಸಲೀಸಾಗಿ ಈಚೆ ನಡೆದು ಬಂದುಬಿಡುತ್ತಾರೆ ಎಂಬ ಹೆದರಿಕೆ. ಅದನ್ನು ಬೇಲಿಯ ಬಳಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದವರಿದ್ದಾರೆ; ಮೈಕಿನಲ್ಲಿ ಹೇಳಿದವರು ಒಬ್ಬರೂ ಇಲ್ಲ. ಹೇಳಿದ್ದರೆ ಯಾರಾದರೂ ಉತ್ತರ ಕೊಡಬಹುದಿತ್ತು. ಬೇಕು ಎನ್ನುವವರದು ಇನ್ನೊಂದು ತರಹದ ರೋಗ. ಒಂದೇ ಬಣ್ಣದ ಟೀಶರ್ಟು ಹಾಕಿಕೊಂಡು ಬಂದು ಕಾರೆಂಬುದೇ ಪಾಪ ಎಂದು ಪ್ರವಚನ ಮಾಡಿದರು. ಪಾರ್ಕಿಂಗಿನ ಬಗ್ಗೆ ಒಂದು ಪ್ರಶ್ನೆ ಎತ್ತಿದವನನ್ನೆಲ್ಲ ಮನುಷ್ಯದ್ವೇಷಿ ಎಂದರು. ‘ದುರ್ಬಲ ವರ್ಗದ ದನಿ’ ಎಂಬ ಮಾತು ಅವರ ಬಾಯಲ್ಲಿ ಜಪದಂತೆ ಬರುತ್ತಿತ್ತು. ಗ್ರಂಥಾಲಯದಲ್ಲಿ ಆ ಜಪ ನಡೆದ ಹೊತ್ತಿಗೆ, ನನ್ನ ಜೊತೆ ಬಂದಿದ್ದ ನಮ್ಮ ಅತ್ತೆಯವರು ಗೋಡೆಗೆ ಒರಗಿ ನಿಂತಿದ್ದರು. ಕುರ್ಚಿಯ ಮೇಲಿನ ಬ್ಯಾಗು ತೆಗೆದು ಅವರಿಗೆ ಜಾಗ ಮಾಡಿಕೊಡಬೇಕೆಂದು ಆ ದನಿಯ ವಾರಸುದಾರರಲ್ಲಿ ಒಬ್ಬರಿಗೂ ತೋಚಲಿಲ್ಲ.

ಇಂಥವರ ನಡುವೆ ತಟಸ್ಥನಾಗಿರುವುದು ಎಷ್ಟು ಹಿತ, ಎಷ್ಟು ಸ್ವಚ್ಛ! ತಟಸ್ಥ ಎಂದರೆ ದಡದಲ್ಲಿ ನಿಂತವನು. ಮುಳುಗುತ್ತಿರುವವರು ನೀರಿನಲ್ಲಿರುತ್ತಾರೆ, ಅವನ ಪಂಚೆ ಒಣಗಿರುತ್ತದೆ.

ಕೊನೆಗೆ ನಗರಸಭೆಯ ಬಹಿರಂಗ ವಿಚಾರಣೆಯ ಸಂಜೆ ಬಂತು. ಇಲ್ಲಿಯ ಪದ್ಧತಿ ಚೆನ್ನಾಗಿದೆ. ಊರಿನ ಯಾರು ಬೇಕಾದರೂ ಹೋಗಿ ಮೈಕಿನ ಮುಂದೆ ಎರಡು ನಿಮಿಷ ಮಾತಾಡಬಹುದು. ಬಾಗಿಲಲ್ಲಿ ಒಂದು ಚೀಟಿ ಕೊಡುತ್ತಾರೆ. ಅದರಲ್ಲಿ ಹೆಸರು ಬರೆದು ಪರ, ವಿರೋಧ, ತಟಸ್ಥ ಎಂಬ ಮೂರು ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಮೂರನೆಯ ಚೌಕವನ್ನು ನನಗೋಸ್ಕರವೇ ಅಚ್ಚು ಹಾಕಿಸಿದ್ದಾರೆ ಅನ್ನಿಸಿ ಹೃದಯ ತುಂಬಿ ಬಂತು. ಗುರುತು ಹಾಕಿದೆ. ಅತ್ತೆಯವರು ಹೈಸ್ಕೂಲಿನಲ್ಲಿರುವ ನನ್ನ ಮಗಳು ಇಶಾಳನ್ನು ಪಕ್ಕ ಕೂರಿಸಿಕೊಂಡಿದ್ದರು, ಇಂಗ್ಲಿಷಿನದ್ದನ್ನು ಆಗಿಂದಾಗ ಹೇಳಲಿ ಎಂದು. ಇಶಾಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಬಾಯಿಂದ ಬರುವುದು ಮಾತ್ರ ಕಲಸುಮೇಲೋಗರ.

ವಿರೋಧದ ಕಡೆಯಿಂದ ಮಾತಾಡಿದವರಲ್ಲಿ ನಮ್ಮ ಎದುರು ಮನೆಯ ಪ್ರಭುಗಳಿದ್ದರು. ಮಂಗಳೂರಿನ ಕೊಂಕಣಿ ಜನ, ಮನೆಯಿಂದಲೇ ಆಫೀಸು ಕೆಲಸ ಮಾಡುವವರು, ದೊಡ್ಡ ಗಂಟಲಿನವರು. ಪಾರ್ಕಿಂಗು ಹೋದರೆ ತಮ್ಮ ಮನೆಗೆ ಬರುವ ನೆಂಟರು ಕಾರನ್ನು ತಲೆಯ ಮೇಲೆ ಹೊತ್ತುಕೊಂಡು ಬರಬೇಕೇ ಎಂದು ಕೇಳಿದರು. ಆಮೇಲೆ ಭಾವುಕರಾಗಿ, ‘ನಮ್ಮದು ಹಿರಿಯರನ್ನು ನೋಡಿಕೊಳ್ಳುವ ಸಂಸ್ಕೃತಿ. ಇಬ್ಬರು ಅಜ್ಜಿಯರಿಗೋಸ್ಕರ ಸಿಗ್ನಲ್ ಯಾಕೆ? ಪಾರ್ಕಿಗೆ ಹೋಗಬೇಕಾದ ಹಿರಿಯರು ಯಾರೇ ಇರಲಿ, ಯಾವ ದಿನವೇ ಇರಲಿ, ನನ್ನ ಬಾಗಿಲು ತಟ್ಟಲಿ. ನಾನೇ ಕಾರಿನಲ್ಲಿ ಬಿಡುತ್ತೇನೆ’ ಎಂದು ಇಂಗ್ಲಿಷಿನಲ್ಲಿ ಘೋಷಿಸಿದರು. ಅರ್ಧ ಸಭೆ ಚಪ್ಪಾಳೆ ತಟ್ಟಿತು. ಇಶಾ ಅಜ್ಜಿಯ ಕಿವಿಯಲ್ಲಿ, ‘ಪ್ರಭು ಅಂಕಲ್ ನಿಮ್ಮನ್ನ ಡೈಲಿ ಡ್ರೈವ್ ಮಾಡ್ತಾರಂತೆ ಅಜ್ಜಿ. ಎವ್ರಿ ಡೇ. ಜಸ್ಟ್ ನಾಕ್, ಅಂತೆ’ ಎಂದಳು.

ಎರಡೂ ಕಡೆಯವರು ಮುಗಿಸಿದ ಮೇಲೆ ತಟಸ್ಥರನ್ನು ಕರೆದರು. ನಾನೊಬ್ಬನೇ ಎದ್ದೆ. ಮೊದಲು ಸಭೆಗೆ ವಂದಿಸಿದೆ. ಪರವಾಗಿ ಮಾತಾಡಿದವರ ಕಾಳಜಿಯನ್ನು ಮೆಚ್ಚಿದೆ. ವಿರೋಧಿಸಿದವರ ಪ್ರಾಮಾಣಿಕತೆಯನ್ನೂ ಅಷ್ಟೇ ತೂಕವಾಗಿ ಮೆಚ್ಚಿದೆ. ಎರಡೂ ವಾದದಲ್ಲಿ ಹುರುಳಿದೆ, ಆತುರ ಬೇಡ, ಎಲ್ಲರನ್ನೂ ಜೊತೆಗೆ ಕರೆದುಕೊಂಡು ಹೋಗುವ ದಾರಿ ಹುಡುಕಬೇಕು ಎಂದೆ. ‘ಆದರೆ ಅದೇ ಸಮಯದಲ್ಲಿ’ ಎಂಬಲ್ಲಿಗೆ ಬಂದಾಗ ಮೈಕಿನ ಮುಂದಿನ ದೀಪ ಕೆಂಪಾಯಿತು. ಅದೇ ಸಮಯದಲ್ಲಿ ಏನು ಎಂಬುದು ನನಗೂ ಇದುವರೆಗೆ ತಿಳಿದಿಲ್ಲ.

ವಾಪಸು ಬಂದು ಕೂತಾಗ ಅತ್ತೆಯವರು ಮೊಮ್ಮಗಳ ಕಡೆ ಬಾಗಿ, ‘ಏನಂದ್ರೇ ನಿಮ್ಮಪ್ಪ?’ ಎಂದು ಕೇಳುತ್ತಿದ್ದರು. ಇಶಾ ತಲೆ ಕೆರೆದುಕೊಂಡಳು. ‘ನಥಿಂಗ್ ಅಜ್ಜಿ. ಏನೂ ಹೇಳ್ಲಿಲ್ಲ. ಬಟ್ ಲೈಕ್, ತುಂಬಾ ಹೊತ್ತು.’

ಮಗಳ ಅನುವಾದದ ಬಗ್ಗೆ ತಕರಾರು ಎತ್ತೋಣವೆಂದುಕೊಳ್ಳುವಷ್ಟರಲ್ಲಿ ಮೇಲಿನ ಸಾಲಿನಲ್ಲಿ ಕುಳಿತ ಸದಸ್ಯರೊಬ್ಬರು ನನ್ನನ್ನೇ ಹೊಗಳತೊಡಗಿದರು. ಇಡೀ ಸಂಜೆಯಲ್ಲಿ ಅತ್ಯಂತ ವಿವೇಕದ ಮಾತು ಆಡಿದವರು ಈ ಕೊನೆಯ ಸಜ್ಜನರು ಎಂದರು. ಅವರು ಹೇಳಿದಂತೆ ಆತುರ ಬೇಡ, ಇನ್ನೊಮ್ಮೆ ಅಧ್ಯಯನವಾಗಲಿ, ಮುಂದಿನ ವರ್ಷ ನೋಡೋಣ ಎಂದರು. ಉಳಿದವರಿಗೆ ಬಚಾವಾದಂತಾಯಿತು. ಬೇಕು ಎಂದು ಮತ ಹಾಕಿ ಈ ಕಡೆಯವರ ಕೋಪ, ಬೇಡ ಎಂದು ಹಾಕಿ ಆ ಕಡೆಯವರ ಶಾಪ ಕಟ್ಟಿಕೊಳ್ಳುವುದು ತಪ್ಪಿತಲ್ಲ! ಎಲ್ಲರೂ ಕೈ ಎತ್ತಿದರು. ಸಿಗ್ನಲ್ಲು ಸತ್ತಿತು. ಕೊಂದವರು ವಿರೋಧಿಗಳಲ್ಲ, ನಾನು.

ಹಳೆಯ ಗ್ರೀಸಿನ ಒಂದು ಊರಿನಲ್ಲಿ ವಿಚಿತ್ರವಾದ ಕಾನೂನೊಂದಿತ್ತಂತೆ. ಊರಲ್ಲಿ ದೊಡ್ಡ ಜಗಳ ಎದ್ದಾಗ ಯಾವ ಪಕ್ಷಕ್ಕೂ ಸೇರದೆ ಮನೆಯಲ್ಲಿ ಕೂತವನಿಗೆ ನಾಗರಿಕನ ಹಕ್ಕೇ ಇಲ್ಲ ಎಂದು. ವಿದ್ಯಾರ್ಥಿಯಾಗಿದ್ದಾಗ ಇದನ್ನು ಓದಿ ಎಂಥ ಕಾಡುಜನ ಎಂದು ಮೂಗು ಮುರಿದಿದ್ದೆ. ವಿಚಾರಣೆಯಿಂದ ಮನೆಗೆ ಕಾರು ಓಡಿಸಿಕೊಂಡು ಬರುವಾಗ ಅದು ನೆನಪಾಯಿತು. ಹಿಂದಿನ ಸೀಟಿನಲ್ಲಿ ಅತ್ತೆಯವರು ಕಿಟಕಿಯಾಚೆ ನೋಡುತ್ತಿದ್ದರು. ಅವರು ಬೈದಿದ್ದರೆ ಚೆನ್ನಾಗಿತ್ತು. ನನಗೆ ನಾಚಿಕೆಯಾಯಿತು, ಆ ನಾಚಿಕೆಯನ್ನೂ ಶುಭಾಳ ಮುಂದೆ ಹೇಳಿಕೊಳ್ಳದೆ, ‘ಮೀಟಿಂಗು ಪರವಾಗಿಲ್ಲ, ಶಾಂತವಾಗಿ ನಡೀತು’ ಎಂದೆ.

ಮರುದಿನ ಸಂಜೆ ಐದು ಗಂಟೆಗೆ ಅತ್ತೆಯವರು ಶೂ ಹಾಕಿಕೊಂಡು, ನನ್ನ ಸೋಫಾದ ಕಡೆ ತಿರುಗಿಯೂ ನೋಡದೆ, ಎದುರು ಮನೆಗೆ ಹೋಗಿ ಪ್ರಭುಗಳ ಬಾಗಿಲು ತಟ್ಟಿದರು.

ಕಿಟಕಿಯಿಂದ ನೋಡುತ್ತಿದ್ದೆ. ಪ್ರಭುಗಳು ಕಿವಿಗೆ ಮೀಟಿಂಗಿನ ತಂತಿ ಸಿಕ್ಕಿಸಿಕೊಂಡೇ ಬಂದರು. ಅತ್ತೆಯವರು ಏನೋ ಹೇಳಿದರು. ಪ್ರಭುಗಳ ಮುಖದಲ್ಲಿ ಮೊದಲು ನಗು, ಆಮೇಲೆ ಗಾಬರಿ, ಆಮೇಲೆ ಅವರ ಹೆಂಡತಿ ಒಳಗಿನಿಂದ ಕೂಗಿದ್ದಕ್ಕೋ ಏನೋ, ಒಂದು ಬಗೆಯ ಶರಣಾಗತಿ. ತಂತಿ ಕಿತ್ತು ಜೇಬಿಗೆ ಹಾಕಿಕೊಂಡು ಗರಾಜು ತೆರೆದರು. ಆ ರಸ್ತೆಯನ್ನು ಕಾಲಿನಲ್ಲಿ ದಾಟುವುದು ಕ್ಷಣದ ಕೆಲಸ. ಕಾರಿನಲ್ಲಿ ದಾಟಬೇಕೆಂದರೆ ಬಲಕ್ಕೆ ಹೊರಟು, ದೂರದ ಸಿಗ್ನಲ್ಲಿನಲ್ಲಿ ಕಾದು, ಯೂ ಟರ್ನ್ ಹೊಡೆದು, ಮತ್ತೆ ಅಷ್ಟೂ ದೂರ ವಾಪಸು ಬಂದು, ಅಪಾರ್ಟ್‌ಮೆಂಟಿನ ಎದುರು ನಿಲ್ಲಿಸಲು ಜಾಗ ಹುಡುಕಬೇಕು. ಕತ್ತಲಾಗುವ ಮುನ್ನ ಹೋಗಿ ಕರೆದುಕೊಂಡೂ ಬರಬೇಕು. ಮೊದಲ ವಾರ ಪ್ರಭುಗಳು ಉತ್ಸಾಹದಲ್ಲಿದ್ದರು. ಎರಡನೆಯ ವಾರ ನನ್ನನ್ನು ಕಸದ ಡಬ್ಬಿಯ ಹತ್ತಿರ ಹಿಡಿದರು. ‘ಎಂತ ಮಾರಾಯ್ರೆ ನಿಮ್ಮ ಅತ್ತೆ! ನಾನು ಒಂದು ಮಾತಿಗೆ ಹೇಳಿದ್ದು. ಅವರು ನಿಜವಾಗಿ ಬರುವುದಾ? ಐದು ಗಂಟೆಗೆ ನನಗೆ ಕಾಲ್ ಇರ್ತದೆ.’

‘ನಿಮ್ಮ ಕಷ್ಟ ನನಗರ್ಥ ಆಗುತ್ತೆ’ ಎಂದೆ. ‘ಅವರ ದೃಷ್ಟಿಯಿಂದಲೂ ನೋಡಿದರೆ...’

ಪ್ರಭುಗಳು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಕಸದ ಡಬ್ಬಿಯನ್ನು ದಡಬಡ ಎಳೆದುಕೊಂಡು ಒಳಗೆ ಹೋದರು.

ಆದರೂ ಆ ಮನುಷ್ಯ ಒಂದು ದಿನವೂ ತಪ್ಪಿಸಲಿಲ್ಲ. ಇದನ್ನು ಹೇಳಲೇಬೇಕು. ಎಲ್ಲರ ಎದುರು ಆಡಿದ ಮಾತು, ನಡೆಸಿಕೊಟ್ಟರು. ಅದಕ್ಕಿಂತ ದೊಡ್ಡ ಆಶ್ಚರ್ಯ ಕಾರಿನೊಳಗೆ ನಡೆಯುತ್ತಿತ್ತು. ಹೋಗುವಾಗಲೂ ಬರುವಾಗಲೂ ಇಬ್ಬರೂ ಸಿಗ್ನಲ್ಲಿನ ಬಗ್ಗೆಯೇ ಜಗಳವಾಡುತ್ತಿದ್ದರು. ‘ಇವತ್ತು ಪ್ರಭುಗಳು ಪಾರ್ಕಿಂಗಿನ ವಿಷ್ಯ ಹೇಳಿದ್ರು ಕಣೇ, ಅವರ ಅತ್ತಿಗೆ ವ್ಹೀಲ್‌ಚೇರಿನಲ್ಲಿ ಬರೋದಂತೆ, ಮನೆ ಮುಂದೇನೇ ಇಳೀಬೇಕಂತೆ. ಅದು ನಿಜಾನೇ. ಅದಕ್ಕೊಂದು ದಾರಿ ಮಾಡ್ಬೇಕು’ ಎಂದು ಅತ್ತೆಯವರು ಊಟದ ಹೊತ್ತಿನಲ್ಲಿ ವರದಿ ಒಪ್ಪಿಸುತ್ತಿದ್ದರು. ಇನ್ನೊಂದು ದಿನ, ‘ಅಪಾರ್ಟ್‌ಮೆಂಟಿನೋರು ಈ ಕಡೆ ಬಂದ್ರೆ ಏನಾಗತ್ತೆ ಅಂತ ನೇರವಾಗಿ ಕೇಳ್ದೆ. ಅವತ್ತು ಪ್ರಭುಗಳು ಗಾಡಿ ನಿಲ್ಲಿಸಿ ಇಳಿದ್ರು. ಆಮೇಲೆ ಒಳಗೆ ಬಂದು ಮೆಹರಮ್ಮನ ಮನೇಲಿ ಚಹಾ ಕುಡಿದ್ರು’ ಎಂದರು. ಇಡೀ ಊರು ಚಾರ್ಟು ತೂಗುಹಾಕಿ, ಚುಕ್ಕಿ ಹಂಚಿ, ದೀಪ ಹಚ್ಚಿ ಆರಿಸಿ ನಡೆಸಲಾಗದ ಚರ್ಚೆಯನ್ನು ಒಬ್ಬ ವಿರೋಧಿಯೂ ಒಬ್ಬ ಮುದುಕಿಯೂ ಯೂ ಟರ್ನಿನಲ್ಲಿ ಕೂತು ನಡೆಸುತ್ತಿದ್ದರು. ಪ್ರಭುಗಳು ಇನ್ನೂ ಸಿಗ್ನಲ್ಲಿಗೆ ಒಪ್ಪಿಲ್ಲ. ಅತ್ತೆಯವರೂ ಬಿಟ್ಟಿಲ್ಲ.

ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನಗುತ್ತೀರಿ. ಆದದ್ದು ಅದೇ. ಮೊನ್ನೆ ಸಂಜೆ ಅತ್ತೆಯವರು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಶೂ ಕಟ್ಟಿಕೊಳ್ಳುತ್ತಿದ್ದಾಗ ಹತ್ತಿರ ಹೋದೆ.

‘ಅತ್ತೆ, ನಾನು ಮನೇಲೇ ಇದೀನಲ್ಲ. ಕಾರೂ ಇದೆ. ದಿನಾ ಅವರನ್ನ ಯಾಕೆ ಕೇಳ್ತೀರಿ, ಅವರು ವಿರೋಧದವರು. ನನ್ನನ್ನ ಕೇಳಬಾರ್ದಾ?’

ಅತ್ತೆಯವರು ಲೇಸಿನ ಗಂಟು ಬಿಗಿದರು. ಸಿಟ್ಟೇನೂ ಇರಲಿಲ್ಲ ಮುಖದಲ್ಲಿ.

‘ಪ್ರಭುಗಳು ಬೇಡ ಅಂದ್ರು, ಅದಕ್ಕೆ ಅವರ ಜೊತೆ ಜಗಳ ಆಡ್ತೀನಿ. ಕರ್ಕೊಂಡು ಹೋಗ್ತೀನಿ ಅಂದ್ರು, ಅದಕ್ಕೆ ಹೋಗಿ ಬಾಗಿಲು ತಟ್ತೀನಿ. ನೀವು ಒಳ್ಳೆಯೋರೇ ಅಳಿಯಂದ್ರೇ, ನಾನು ಇಲ್ಲ ಅನ್ನಲ್ಲ. ನಿಮ್ಮ ಬಾಗಿಲು ಎಲ್ಲಿದೆ ಅಂತಾನೇ ನಂಗೆ ಇದುವರೆಗೂ ಗೊತ್ತಾಗಿಲ್ಲ.’

ಇಷ್ಟು ಹೇಳಿ ಎದ್ದು ಹೊರಟರು. ಅವರ ಮಾತಿನಲ್ಲಿ ಒಂದು ದೃಷ್ಟಿಯಿಂದ ಸತ್ಯವಿದೆ, ಇನ್ನೊಂದು ದೃಷ್ಟಿಯಿಂದ ನೋಡಿದರೆ ಎಂದು ಮನಸ್ಸು ಅಭ್ಯಾಸಬಲದಿಂದ ಶುರು ಮಾಡಿತು. ಇನ್ನೊಂದು ದೃಷ್ಟಿ ಸಿಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬೀದಿ ದಾಟಿದೆ. ಪ್ರಭುಗಳು ಕಾರನ್ನು ಹೊರಗೆ ತೆಗೆದಿದ್ದರು, ಅತ್ತೆಯವರು ಮುಂದಿನ ಸೀಟಿನಲ್ಲಿ ಕೂತಾಗಿತ್ತು. ನಾನು ಕಿಟಕಿಯ ಹತ್ತಿರ ಬಗ್ಗಿದೆ.

‘ಪ್ರಭುಗಳೇ, ಆವತ್ತು ನೀವು ಹೇಳಿದ್ದು ತಪ್ಪು. ಅಲ್ಲಿ ಸಿಗ್ನಲ್ಲು ಬೇಕು. ಬೇಕೇ ಬೇಕು.’

ಪ್ರಭುಗಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಎದುರು ಮನೆಗೆ ಇಷ್ಟು ವರ್ಷಗಳ ಮೇಲೆ ಯಾರೋ ಹೊಸಬರು ಬಂದಿದ್ದಾರೆ ಎನ್ನುವ ಹಾಗಿತ್ತು ಆ ನೋಟ. ಆಮೇಲೆ ಕೈ ಹಿಂದಕ್ಕೆ ಚಾಚಿ ಹಿಂದಿನ ಬಾಗಿಲು ತೆರೆದರು.

‘ಹತ್ತಿ ಮಾರಾಯ್ರೆ’ ಎಂದರು, ‘ಯಾಕೆ ತಪ್ಪು ಅಂತ ಹೇಳಿ, ಮಾತಾಡುವ.’